ಅವ್ವನ ನೆನಪು: ಹೊಗಳಿಕೆಯ ಆಚೆಗೆ

(ಬಿ.ಜಿ. ಕೆರೆಯಲ್ಲಿ ಹಿರಿಯ ತಾಯಿಯೊಬ್ಬರ ಸ್ಮರಣೆಗಾಗಿ ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮನೆಯವರ ಇಚ್ಛೆಯಂತೆ ಆ ತಾಯಿಯ ಹೆಸರನ್ನು ಇಲ್ಲಿ ಅಚ್ಚು ಮಾಡಿಲ್ಲ.)



ಊರಿನಲ್ಲಿ ಹಿರಿಯ ಹೆಂಗಸೊಬ್ಬರು ತೀರಿಕೊಂಡಾಗ ನಾವು ಆಡುವ ಮಾತುಗಳು ಬಹುಮಟ್ಟಿಗೆ ಮೊದಲೇ ಗೊತ್ತಿರುವಂಥವು. ಸಹನೆಯ ಮೂರ್ತಿ, ತ್ಯಾಗಮಯಿ, ಸಾಕ್ಷಾತ್ ಅನ್ನಪೂರ್ಣೆ, ಎಲ್ಲರಿಗೂ ಬಡಿಸಿ ಕೊನೆಗೆ ಉಂಡವರು. ಇವು ಸುಳ್ಳು ಮಾತುಗಳಲ್ಲ. ಆಡುವವರ ಕಣ್ಣಿನಲ್ಲಿ ನೀರಿರುವುದೂ ನಿಜ. ಆದರೆ ಹೆಸರೊಂದನ್ನು ಬದಲಿಸಿದರೆ ಇವೇ ಮಾತುಗಳು ಪಕ್ಕದ ಬೀದಿಯ ಅಜ್ಜಿಗೂ, ಚಳ್ಳಕೆರೆಯ ಅಜ್ಜಿಗೂ, ಮೊಳಕಾಲ್ಮೂರಿನ ಅಜ್ಜಿಗೂ ಒಪ್ಪುತ್ತವೆ. ಎಲ್ಲರಿಗೂ ಒಪ್ಪುವ ಮಾತಿನಿಂದ ಒಬ್ಬರನ್ನು ನೆನಪಿನಲ್ಲಿ ಉಳಿಸಿಕೊಳ್ಳುವುದು ಕಷ್ಟ.

ಸಭೆ ಶುರುವಾಗುವ ಮುನ್ನ ಈ ಮನೆಯವರ ಜೊತೆ ಸ್ವಲ್ಪ ಹೊತ್ತು ಕುಳಿತಿದ್ದೆ. ಮಗ ಹೇಳಿದರು: ‘ನಮ್ಮವ್ವ ಓದಿದೋಳಲ್ಲ ಸಾರ್. ಹೊರಗೆ ಹೋಗಿ ಏನೂ ಮಾಡಿದೋಳಲ್ಲ. ಮನೆ ನೋಡ್ಕೊಂಡಿದ್ಲು ಅಷ್ಟೆ.’ ಪಕ್ಕದಲ್ಲಿದ್ದ ಮೊಮ್ಮಗಳು ಬೇರೆಯದೇ ಒಂದು ಮಾತು ಸೇರಿಸಿದಳು: ‘ಅಜ್ಜಿ ಹುರುಳಿ ಬೀಜಾನ ಬೂದಿ ಬೆರೆಸಿ ಮಡಕೇಲಿ ಇಡ್ತಿದ್ಲು. ನಮ್ಮ ಮನೆ ಬೀಜಕ್ಕೆ ಹುಳ ಬಿದ್ದದ್ದು ನಾನು ಕಂಡಿಲ್ಲ. ಎಷ್ಟಕ್ಕೆ ಎಷ್ಟು ಬೂದಿ, ಯಾವ ಸೌದೆಯ ಬೂದಿ ಅಂತ ಕೇಳಬೇಕಿತ್ತು.’

ಮಗನ ಮಾತಿನಲ್ಲಿ ಪ್ರೀತಿಯಿದೆ, ವಿವರವಿಲ್ಲ. ಮೊಮ್ಮಗಳ ಮಾತಿನಲ್ಲಿ ಒಬ್ಬ ನಿಜವಾದ ಹೆಂಗಸು ಕಾಣುತ್ತಾಳೆ: ಅವಳ ಕೈ, ಅವಳ ಮಡಕೆ, ಅವಳಿಗೆ ಗೊತ್ತಿದ್ದ ಒಂದು ವಿದ್ಯೆ. ತಾಯಿಯನ್ನು ನೆನೆಯುವುದೆಂದರೆ ಅವಳ ಗುಣವನ್ನು ಕೊಂಡಾಡುವುದಷ್ಟೇ ಅಲ್ಲ, ಅವಳಿಗೆ ಏನು ಗೊತ್ತಿತ್ತು, ಅವಳು ಏನು ಮಾಡಿದಳು, ಅವಳ ಮೇಲೆ ಏನು ಬಿತ್ತು ಎಂಬುದನ್ನು ತಿಳಿದುಕೊಳ್ಳುವುದು. ನಾನು ಇಂದು ಹೇಳಬೇಕೆಂದು ಬಂದಿರುವುದು ಇಷ್ಟೆ.

ಕಲ್ಲುಗಳು ನೆನೆದ ಬಗೆ

ನೆನಪಿನ ವಿಚಾರದಲ್ಲಿ ನಮ್ಮ ಸೀಮೆ ಬಡವಾದುದಲ್ಲ. ಇದೇ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವರು ಇವನ್ನು ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಈ ಆಜ್ಞೆ, ಜನ ಹೇಗೆ ನಡೆದುಕೊಳ್ಳಬೇಕು ಎಂದು ಹೇಳಲು ಹೊರಟಾಗ ಮೊದಲು ಹೇಳುವುದೇ ತಾಯಿ ತಂದೆಯರ ಸೇವೆಯನ್ನು. ಪ್ರಾಣಿಗಳ ಮೇಲಿನ ಕರುಣೆ, ಸತ್ಯ ನುಡಿಯುವುದು, ಗುರುವಿಗೆ ಗೌರವ ಇವೆಲ್ಲ ಆಮೇಲೆ ಬರುತ್ತವೆ. ಆ ಜೋಡುಪದದಲ್ಲಿ ತಾಯಿಯೇ ಮುಂದೆ, ತಂದೆ ಹಿಂದೆ.

ಶಾಸನದ ಕೊನೆಗೆ ಅದನ್ನು ಬರೆದವನ ಹೆಸರಿದೆ: ಚಪಡ. ಶಾಸನವೆಲ್ಲ ಬ್ರಾಹ್ಮೀ ಲಿಪಿಯಲ್ಲಿದ್ದರೆ, ತಾನು ಲಿಪಿಕಾರನೆಂದು ಹೇಳಿಕೊಳ್ಳುವ ಒಂದು ಪದವನ್ನು ಮಾತ್ರ ಅವನು ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದ. ಖರೋಷ್ಠಿ ಬಳಕೆಯಲ್ಲಿದ್ದುದು ದೂರದ ವಾಯವ್ಯ ಸೀಮೆಯಲ್ಲಿ. ಹಾಗಾಗಿ ಚಪಡ ಆ ಕಡೆಯ ಬರವಣಿಗೆ ಬಲ್ಲವನಾಗಿದ್ದನೆಂದು ವಿದ್ವಾಂಸರು ಹೇಳುತ್ತಾರೆ. ಗಮನಿಸಿ, ಚಪಡ ಒಳ್ಳೆಯವನೆಂದು ಯಾರೂ ಹೊಗಳಿ ಬರೆದಿಲ್ಲ. ಹೆಸರೊಂದೇ ಉಳಿದಿದ್ದರೂ ನಮಗೆ ಹೆಚ್ಚೇನೂ ತಿಳಿಯುತ್ತಿರಲಿಲ್ಲ. ಅವನ ಕೈ ರೂಢಿ ಎಂಥದು ಎಂಬುದು ಉಳಿಯಿತು, ಅದರಿಂದ ಮನುಷ್ಯ ಉಳಿದ.

ಅದೇ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಉತ್ಖನನ ನಡೆಸಿದರು. ಶಾಸನಕ್ಕಿಂತ ಬಹಳ ಹಿಂದಿನ, ನಯಮಾಡಿದ ಕಲ್ಲುಕೊಡಲಿಗಳನ್ನು ಬಳಸುತ್ತಿದ್ದ ಜನರ ಪದರದಲ್ಲಿ ಎಳೆಮಕ್ಕಳನ್ನು ಮಡಕೆಗಳಲ್ಲಿಟ್ಟು ಹೂಳಿದ್ದು ಕಂಡುಬಂತು. ಆ ಮಡಕೆಗಳ ಹಿಂದೆ ಒಬ್ಬೊಬ್ಬ ತಾಯಿ ಇದ್ದಾಳೆ. ಅವಳ ಬಗ್ಗೆ ಕಲ್ಲಿನಲ್ಲಿ ಒಂದಕ್ಷರವೂ ಇಲ್ಲ. ಅವಳ ಸಂಕಟಕ್ಕೆ ಮಣ್ಣಷ್ಟೇ ಸಾಕ್ಷಿ.

ಆಮೇಲಿನ ಕಾಲದ ಕಲ್ಲುಗಳೂ ನಮ್ಮ ಸುತ್ತ ಬೇಕಾದಷ್ಟಿವೆ. ದನ ಕಾಯ್ದು, ಊರು ಕಾಯ್ದು ಮಡಿದವನಿಗೆ ವೀರಗಲ್ಲು. ಗಂಡನೊಡನೆ ಚಿತೆಯೇರಿದವಳಿಗೆ ಮಾಸ್ತಿಕಲ್ಲು. ಬಳೆ ತೊಟ್ಟು ಮೇಲೆತ್ತಿದ ಕೈ ಅದರ ಗುರುತು. ಅಂದರೆ ಹೆಣ್ಣಿಗೆ ಕಲ್ಲು ನಿಲ್ಲಬೇಕಾದರೆ ಅವಳು ಸಾಯಬೇಕಿತ್ತು, ಅದೂ ಒಂದು ನಿರ್ದಿಷ್ಟ ರೀತಿಯಲ್ಲಿ. ಗಂಡ ಸತ್ತ ಮೇಲೂ ಬದುಕಿ, ಮಕ್ಕಳನ್ನು ಸಾಕಿ, ಮೊಮ್ಮಕ್ಕಳನ್ನು ಎತ್ತಿ ಆಡಿಸಿ, ಹಣ್ಣು ಹಣ್ಣಾಗಿ ಹೋದವಳಿಗೆ ಕಲ್ಲಿಲ್ಲ.

ಚಿತ್ರದುರ್ಗದ ಓಬವ್ವನನ್ನು ನಾಡೆಲ್ಲ ಬಲ್ಲದು. ಮದಕರಿ ನಾಯಕನ ಕಾಲದಲ್ಲಿ ಹೈದರಾಲಿಯ ಸೈನಿಕರು ಕಿಂಡಿಯಿಂದ ನುಸುಳಿ ಬಂದಾಗ ಒನಕೆ ಹಿಡಿದು ನಿಂತವಳು. 1972ರ ‘ನಾಗರಹಾವು’ ಚಿತ್ರ ಅವಳ ಕಥೆಯನ್ನು ಮನೆಮನೆಗೆ ಮುಟ್ಟಿಸಿತು. 2021ರಿಂದ ರಾಜ್ಯ ಸರ್ಕಾರ ನವೆಂಬರ್ 11ರಂದು ಓಬವ್ವ ಜಯಂತಿಯನ್ನು ಆಚರಿಸುತ್ತಿದೆ. ಸಲ್ಲಬೇಕಾದ ಗೌರವವೇ. ಆದರೂ ಒಂದು ಮಾತು ಹೇಳಬೇಕು. ಗಂಡ ಊಟಕ್ಕೆ ಬಂದಿದ್ದ ಆ ಒಂದು ಮಧ್ಯಾಹ್ನದ ಓಬವ್ವನನ್ನು ನಾವು ಬಲ್ಲೆವು. ಅದಕ್ಕೆ ಹಿಂದಿನ ಸಾವಿರ ಮಧ್ಯಾಹ್ನಗಳಲ್ಲಿ ಆ ಒನಕೆ ಏನನ್ನು ಕುಟ್ಟುತ್ತಿತ್ತು ಎಂದು ಯಾರೂ ಕೇಳುವುದಿಲ್ಲ. ನಮ್ಮ ಅವ್ವಂದಿರ ಬದುಕು ನಡೆದದ್ದು ಆ ಸಾವಿರ ಮಧ್ಯಾಹ್ನಗಳಲ್ಲಿ.

ಕಾಗದದ ಲೆಕ್ಕ

ಕಲ್ಲಿನ ಕಾಲ ಹೋಗಿ ಕಾಗದದ ಕಾಲ ಬಂತು. ಜನಗಣತಿಯವರು ಮನೆ ಬಾಗಿಲಿಗೆ ಬಂದು ‘ಈಯಮ್ಮ ಏನು ಕೆಲಸ ಮಾಡ್ತಾರೆ’ ಎಂದು ಕೇಳಿದರೆ, ‘ಏನೂ ಇಲ್ಲ, ಮನೇಲಿದಾರೆ’ ಎನ್ನುವುದು ನಮ್ಮ ವಾಡಿಕೆಯ ಉತ್ತರ. ಸ್ವಂತ ಮನೆಯ ಅಡುಗೆ, ನೀರು, ಮಕ್ಕಳ ಪಾಲನೆ ಇಷ್ಟನ್ನೇ ಮಾಡುವವರನ್ನು ಜನಗಣತಿ ‘ಕೆಲಸಗಾರರಲ್ಲದವರು’ ಎಂಬ ಪಟ್ಟಿಗೆ ಸೇರಿಸುತ್ತದೆ. ಬೆಳಗಿನ ಜಾವ ಎದ್ದು ರಾತ್ರಿ ಎಲ್ಲರೂ ಮಲಗಿದ ಮೇಲೆ ಮಲಗಿದವಳು ಸರ್ಕಾರದ ಲೆಕ್ಕದಲ್ಲಿ ಕೆಲಸವಿಲ್ಲದವಳು.

ಈ ಕೆಲಸವನ್ನು ಗಂಟೆಯ ಲೆಕ್ಕದಲ್ಲಿ ಅಳೆಯುವ ಪ್ರಯತ್ನವೂ ನಡೆದಿದೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ದೇಶದಾದ್ಯಂತ ನಡೆಸಿದ ಕಾಲ ಬಳಕೆಯ ಸಮೀಕ್ಷೆಯ ಪ್ರಕಾರ, ಮನೆಮಂದಿಗಾಗಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ. ಅಂಥ ಕೆಲಸಕ್ಕೆ ಕೈ ಹಾಕುವ ಗಂಡಸರು ಕೊಡುವುದು 97 ನಿಮಿಷ. ಐದು ಗಂಟೆಗೆ ಒಂದೇ ನಿಮಿಷ ಕಡಿಮೆ! ಇದು ಗ್ಯಾಸ್, ಮಿಕ್ಸಿ, ಹಿಟ್ಟಿನ ಗಿರಣಿ, ನಲ್ಲಿ ಬಂದ ಮೇಲಿನ ಲೆಕ್ಕ. ಬೀಸುವ ಕಲ್ಲು, ಒರಳು, ಸೇದುವ ಬಾವಿ, ಸೌದೆ ಒಲೆಗಳ ಕಾಲದಲ್ಲಿ ಸಂಸಾರ ಮಾಡಿದವರ ದಿನ ಹೇಗಿದ್ದೀತು ಎಂಬುದನ್ನು ನೀವೇ ಅಂದಾಜು ಮಾಡಿ.

ಬರದ ಸೀಮೆಯ ವಿದ್ಯೆ

ಗಂಟೆಗಳ ಲೆಕ್ಕ ದುಡಿಮೆಯನ್ನು ತೋರಿಸುತ್ತದೆ, ತಿಳಿವಳಿಕೆಯನ್ನು ತೋರಿಸುವುದಿಲ್ಲ. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಕ್ಕೆ ಸೇರಿದವು. ಇಂಥ ಕಡೆ ಮನೆ ನೋಡಿಕೊಳ್ಳುವುದೆಂದರೆ ಅನ್ನ ಬೇಯಿಸಿ ಹಾಕುವುದಷ್ಟೇ ಅಲ್ಲ. ಇರುವ ಕಾಳನ್ನು ಮುಂದಿನ ಮಳೆಯವರೆಗೆ ಎಳೆದು ತರುವುದು. ಮುಂದಿನ ಮಳೆ ಕೈಕೊಟ್ಟರೆ ಏನು ಎಂಬುದಕ್ಕೂ ಒಂದು ದಾರಿ ಇಟ್ಟುಕೊಳ್ಳುವುದು.

ಬೀಜದ ಮಾತನ್ನೇ ತೆಗೆದುಕೊಳ್ಳೋಣ. ಕೊಯ್ಲಿಗೆ ಮೊದಲು ಹೊಲದಲ್ಲಿ ತಿರುಗಾಡಿ ತುಂಬಿದ ತೆನೆಗಳನ್ನು ಬೇರೆ ಮಾಡುವುದು, ನೆರಳಲ್ಲೋ ಬಿಸಿಲಲ್ಲೋ ಎಷ್ಟು ದಿನ ಒಣಗಿಸಬೇಕೆಂದು ನಿರ್ಧರಿಸುವುದು, ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ ಮಡಕೆ ಬಾಯಿ ಮುಚ್ಚುವುದು, ಇದೆಲ್ಲ ಬಹುಮಟ್ಟಿಗೆ ಹೆಂಗಸರ ಪಾಲಿನ ಕೆಲಸ. ಉಪವಾಸ ಬಿದ್ದರೂ ಬಿತ್ತನೆ ಕಾಳಿಗೆ ಕೈ ಹಾಕಬಾರದೆಂಬ ಕಟ್ಟುನಿಟ್ಟೂ ಅವರದೇ. ಗಂಡಸರು ಬಿತ್ತಿದ ಹೊಲ ಎನ್ನುತ್ತೇವೆ. ಆ ಬಿತ್ತನೆ ಹೊರಟದ್ದು ಅಡುಗೆಮನೆಯ ಮೂಲೆಯಿಂದ.

ಕೊರಲೆಯನ್ನು ಈಗ ಪೇಟೆಯಲ್ಲಿ ‘ಸಿರಿಧಾನ್ಯ’ವೆಂದು ಪೊಟ್ಟಣ ಕಟ್ಟಿ ಮಾರುತ್ತಾರೆ. ಬಳ್ಳಾರಿ ಪಕ್ಕದ ಸಂಗನಕಲ್ಲಿನಂಥ ನವಶಿಲಾಯುಗದ ನೆಲೆಗಳ ಮಣ್ಣನ್ನು ಸೋಸಿ ನೋಡಿದ ಸಂಶೋಧಕರಿಗೆ ಸುಟ್ಟು ಕರಿಕಾದ ಕೊರಲೆ, ಹುರುಳಿ, ಹೆಸರು ಕಾಳುಗಳು ಸಿಕ್ಕಿವೆ. ಸುಮಾರು ನಾಲ್ಕು ಸಾವಿರ ವರ್ಷಗಳಿಂದ ಈ ನೆಲದ ಜನ ಇವನ್ನು ಉಂಡು ಬದುಕಿದ್ದಾರೆ. ಇಷ್ಟು ಕಾಲ ಆ ಕಾಳನ್ನು ಹಸನು ಮಾಡುವ, ಬೇಯಿಸುವ ವಿದ್ಯೆಯನ್ನು ಪುಸ್ತಕಗಳು ದಾಟಿಸಿದ್ದಲ್ಲ. ಕೊರಲೆಯ ಸಿಪ್ಪೆ ಗಟ್ಟಿ. ಎಷ್ಟು ಸಲ ಕುಟ್ಟಬೇಕು, ಹೇಗೆ ಕೇರಬೇಕು, ಎಸರು ಎಷ್ಟಿಡಬೇಕು ಎಂಬುದು ಅತ್ತೆಯ ಕೈಯಿಂದ ಸೊಸೆಯ ಕೈಗೆ, ಅಜ್ಜಿಯ ಕೈಯಿಂದ ಮೊಮ್ಮಗಳ ಕೈಗೆ ಬಂದದ್ದು. ನಮ್ಮ ಕಾಲದಲ್ಲಿ ಅಕ್ಕಿ ಸುಲಭವಾಗಿ ಸಿಗತೊಡಗಿದ ಮೇಲೆ ಆ ಸರಪಣಿ ಹಲವು ಮನೆಗಳಲ್ಲಿ ಕಡಿದುಹೋಯಿತು.

ಬರದ ನೆನಪೂ ಹೀಗೆಯೇ ಬಂದದ್ದು. 1876ರಿಂದ 1878ರವರೆಗಿನ ಬರವನ್ನು ನಮ್ಮ ಜನ ಧಾತು, ಈಶ್ವರ ಸಂವತ್ಸರಗಳ ಹೆಸರಿನಿಂದ ಕರೆದರು. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯ ಹೊತ್ತಿಗೆ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಅಂಥ ಬರದಲ್ಲಿ ಯಾವ ಸೊಪ್ಪು ತಿನ್ನಬಹುದು, ಯಾವುದನ್ನು ಬೇಯಿಸಿ ನೀರು ಚೆಲ್ಲಿ ತಿನ್ನಬೇಕು, ಯಾವುದನ್ನು ಮುಟ್ಟಬಾರದು ಎಂಬುದು ಜೀವ ಉಳಿಸುವ ತಿಳಿವಳಿಕೆ. ಬೆರಕೆ ಸೊಪ್ಪಿನ ಸಾರು ಇಂದು ನಮಗೆ ಬಾಯಿಚಪಲ. ಅದರ ಹಿಂದೆ ಹಸಿವಿನ ಪಾಠವಿದೆ.

ಹೊರಗಿನ ಕೆಲಸ ಮಾಡಿಲ್ಲ ಎಂಬ ಮಾತೂ ಪೂರ್ತಿ ನಿಜವಲ್ಲ. ಚಳ್ಳಕೆರೆ ಎಂದರೆ ಕಂಬಳಿ ಮತ್ತು ಶೇಂಗಾ ಎಣ್ಣೆ. ಮೊಳಕಾಲ್ಮೂರು ಎಂದರೆ ರೇಷ್ಮೆ ಸೀರೆ. ಕಂಬಳಿಗೆ ಉಣ್ಣೆ ಹಿಂಜಿ ನೂತವರು ಹೆಂಗಸರು. ಹಾಸಿಗೆ ಗಂಜಿ ಹಾಕಲು ಹುಣಸೆ ಬೀಜವನ್ನು ಅರೆದು ಬೇಯಿಸುವುದರಲ್ಲೂ ಅವರ ಕೈಯಿದೆ. ಮೊಳಕಾಲ್ಮೂರು ಸೀರೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಮಗ್ಗದಲ್ಲಿ ಕುಳಿತವನನ್ನು ನೇಕಾರ ಎನ್ನುತ್ತೇವೆ, ಅವನ ಪಕ್ಕದಲ್ಲಿ ಕುಳಿತು ದಿನವಿಡೀ ನೂಲು ಸುತ್ತಿ ಕೊಟ್ಟವಳನ್ನು ನೇಕಾರನ ಹೆಂಡತಿ ಎನ್ನುತ್ತೇವೆ. ಶೇಂಗಾ ಕಾಲದಲ್ಲಿ ಜಗಲಿಯ ಮೇಲೆ ಕುಳಿತು ಬಿತ್ತನೆಗೆಂದು ಕಾಯಿ ಸುಲಿದವರ ಬೆರಳುಗಳನ್ನು ನೀವೆಲ್ಲ ನೋಡಿದ್ದೀರಿ. ಆ ದುಡ್ಡಿನಲ್ಲಿ ಎಷ್ಟು ಮಕ್ಕಳ ಸ್ಲೇಟು, ಪುಸ್ತಕ ಬಂದವೋ!

ಕೂತು ಕೇಳಿದವರಿದ್ದರು

ಇಂಥ ತಿಳಿವಳಿಕೆ ಉಳಿಯಬೇಕಾದರೆ ಏನಾಗಬೇಕು ಎಂಬುದಕ್ಕೆ ಹತ್ತಿರದಲ್ಲೇ ಎರಡು ಉದಾಹರಣೆಗಳಿವೆ.

ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಕಾಡುಗೊಲ್ಲ ಸಮುದಾಯದವರು. ಅಕ್ಷರ ಕಲಿತವರಲ್ಲ. ಆದರೆ ಜುಂಜಪ್ಪ, ಎತ್ತಪ್ಪರಂಥ ತಮ್ಮ ವೀರರ ಕಥೆಗಳೂ, ಮದುವೆ, ಹಬ್ಬ, ಹೆರಿಗೆ, ಸಾವುಗಳ ಪದಗಳೂ ಸಾವಿರಗಟ್ಟಲೆ ಅವರ ನಾಲಗೆಯ ಮೇಲಿದ್ದವು. ಹಟ್ಟಿಯ ಮಟ್ಟಿಗೆ ಅವರು ಪದ ಹೇಳುವ ಒಬ್ಬ ಅಜ್ಜಿ, ಅಷ್ಟೆ. ವಿದ್ವಾಂಸರಾದ ಕೃಷ್ಣಮೂರ್ತಿ ಹನೂರು ಅವರು ಅವರ ಮುಂದೆ ಕೂತು, ಕೇಳಿ, ಬರೆದುಕೊಂಡು ಆ ಪದಗಳನ್ನು ಪುಸ್ತಕವಾಗಿಸಿದರು. ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಸಿರಿಯಜ್ಜಿಗೆ ನಾಡೋಜ ಗೌರವ ನೀಡಿತು. ಬರೆದುಕೊಂಡದ್ದರಿಂದ ಸಿರಿಯಜ್ಜಿ ದೊಡ್ಡವರಾದದ್ದಲ್ಲ, ದೊಡ್ಡವರೇ ಆಗಿದ್ದರು. ಬರೆದುಕೊಂಡದ್ದರಿಂದ ನಮಗೆ ಗೊತ್ತಾಯಿತು.

ಇನ್ನೊಬ್ಬರು ಪಕ್ಕದ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ. 1920ರಲ್ಲಿ ಹುಟ್ಟಿದ ಇವರು ಹೆರಿಗೆ ಮಾಡಿಸುವುದನ್ನು ಕಲಿತದ್ದು ತಮ್ಮ ಅಜ್ಜಿಯಿಂದ. ಸ್ವತಃ 12 ಮಕ್ಕಳನ್ನು ಹೆತ್ತವರು. ಆಸ್ಪತ್ರೆ ದೂರವಿದ್ದ ಕಾಲದಲ್ಲಿ, ಕಾಸು ಮುಟ್ಟದೆ ಅವರು ಮಾಡಿಸಿದ ಹೆರಿಗೆಗಳು 15,000ಕ್ಕೂ ಹೆಚ್ಚು ಎನ್ನುತ್ತಾರೆ. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ಅವರು ತೀರಿಕೊಂಡರು. ನಾವು ಮರೆಯಬಾರದ ಸಂಗತಿ ಒಂದಿದೆ: ನರಸಮ್ಮನಿಗೆ ಕಲಿಸಿದವರು ಯಾವ ವೈದ್ಯ ಶಾಲೆಯವರೂ ಅಲ್ಲ, ಅವರ ಮನೆಯ ಅಜ್ಜಿ. ಪದ್ಮಶ್ರೀಯ ಹಿಂದೆ ಪ್ರಶಸ್ತಿಯೇ ಇಲ್ಲದ ಒಬ್ಬ ಅಜ್ಜಿ ಇದ್ದಾರೆ.

ನೋವಿನ ಪಾಲು

ಇಷ್ಟಕ್ಕೇ ನಿಲ್ಲಿಸಿದರೆ ನಾನೂ ಇನ್ನೊಂದು ಬಗೆಯ ಹೊಗಳಿಕೆಯನ್ನೇ ಮಾಡಿದಂತಾಗುತ್ತದೆ. ಅವ್ವನ ತಿಳಿವಳಿಕೆಯನ್ನು ನೆನೆಯುವಾಗ ಅವಳು ಪಟ್ಟ ಪಾಡನ್ನು ಬಿಡಬಾರದು. ಆ ತಲೆಮಾರಿನ ಎಷ್ಟೋ ಹೆಂಗಸರ ಮದುವೆ ಮೈನೆರೆಯುವ ಮೊದಲೇ ಆಯಿತು. ಹೆತ್ತದ್ದೆಷ್ಟು ಎಂದು ಕೇಳಿದರೆ ಒಂದು ಸಂಖ್ಯೆ, ಉಳಿದದ್ದೆಷ್ಟು ಎಂದು ಕೇಳಿದರೆ ಇನ್ನೊಂದು ಸಂಖ್ಯೆ. ನಡುವಿನ ವ್ಯತ್ಯಾಸದ ಬಗ್ಗೆ ಅವರು ಮಾತಾಡುತ್ತಿರಲಿಲ್ಲ. ಓದುವ ಆಸೆ ಇತ್ತೇ ಎಂದು ಅವರನ್ನು ಕೇಳಿದವರು ಎಷ್ಟು ಮಂದಿ?

ನಮ್ಮ ಸೀಮೆಯ ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನು, ಹೆತ್ತ ಬಾಣಂತಿಯನ್ನು ಎಳೆಗೂಸಿನ ಸಮೇತ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇರಿಸುವ ಪದ್ಧತಿ ಈ ಶತಮಾನದಲ್ಲೂ ವರದಿಯಾಗುತ್ತ ಬಂದಿದೆ. ಮಳೆ, ಚಳಿ, ಹುಳಹುಪ್ಪಟೆಗಳ ನಡುವೆ ಇರಬೇಕಾದವಳು ಪದಗಳಲ್ಲಿ ದೇವತೆ ಎನಿಸಿಕೊಂಡ ಅದೇ ತಾಯಿ. ಹೀಗೆ ಒತ್ತಾಯದಿಂದ ಹೊರಗಿಡುವುದನ್ನು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ನಿಷೇಧದ ಕಾಯ್ದೆ ಅಪರಾಧವೆಂದು ಹೇಳಿದೆ. ಹೆಣ್ಣನ್ನು ಬೇರೆ ಬೇರೆ ರೀತಿಯಲ್ಲಿ ಹೊರಗಿಡದ ಸಮುದಾಯ ನಮ್ಮಲ್ಲಿ ಯಾವುದೂ ಇಲ್ಲ. ಆದ್ದರಿಂದ ಒಂದು ಹಟ್ಟಿಯತ್ತ ಬೆರಳು ತೋರಿಸಿ ಉಳಿದವರು ಕೈ ತೊಳೆದುಕೊಳ್ಳುವಂತಿಲ್ಲ.

‘ಸಹನೆಯ ಮೂರ್ತಿ’ ಎಂಬ ಮಾತು ಇಲ್ಲಿ ಅಪಾಯಕಾರಿಯಾಗುತ್ತದೆ. ಏನನ್ನು ಸಹಿಸಿದರು, ಯಾರಿಂದ ಸಹಿಸಿದರು, ಯಾಕೆ ಸಹಿಸಬೇಕಾಯಿತು ಎಂಬ ಮೂರು ಪ್ರಶ್ನೆಗಳನ್ನು ಆ ಒಂದು ಹೊಗಳಿಕೆ ಮುಚ್ಚಿಹಾಕುತ್ತದೆ. ಮುಂದಿನ ಹೆಣ್ಣುಮಕ್ಕಳಿಗೂ ಅದೇ ಅಳತೆಗೋಲಾಗುತ್ತದೆ. ಅಜ್ಜಿ ಸಹಿಸಿಕೊಂಡಿರಲಿಲ್ಲವೇ, ನೀನೂ ಸಹಿಸಿಕೋ ಎಂದಾಗುತ್ತದೆ. ಸತ್ತವರನ್ನು ಹೊಗಳುವ ಮಾತು ಬದುಕಿರುವವರಿಗೆ ಬೇಡಿಯಾಗಬಾರದು.

ಮಾಡಬಹುದಾದದ್ದು

ಇದಕ್ಕೆ ದೊಡ್ಡ ಸಂಸ್ಥೆಗಳೇನೂ ಬೇಕಿಲ್ಲ. ಪ್ರತಿ ಮನೆಯಲ್ಲೂ ಓದು ಬಲ್ಲ ಹುಡುಗ ಹುಡುಗಿಯರಿದ್ದಾರೆ, ಕೈಯಲ್ಲಿ ಮಾತು ಹಿಡಿದಿಡುವ ಫೋನಿದೆ. ಮನೆಯ ಹಿರಿಯ ಹೆಂಗಸಿನ ಪಕ್ಕ ಕೂತು ಕೇಳಿ. ‘ನಿನ್ನ ಜೀವನ ಹೇಗಿತ್ತು ಅಜ್ಜಿ’ ಎಂದು ಕೇಳಿದರೆ ‘ಏನಿರ್ತದಪ್ಪ, ಹಂಗೇ ನಡೀತು’ ಎಂದು ಬಿಡುತ್ತಾರೆ. ಸಣ್ಣ ಪ್ರಶ್ನೆಗಳನ್ನು ಕೇಳಬೇಕು. ನೀರು ಯಾವ ಬಾವಿಯಿಂದ ತರ್ತಿದ್ದೆ? ಬೀಜಕ್ಕೆ ಯಾವ ಬೂದಿ ಹಾಕ್ತಿದ್ದೆ? 1972ರ ಬರದಲ್ಲಿ ಏನು ಉಂಡಿರಿ? ನಿನಗೆ ಪದ ಕಲಿಸಿದವರು ಯಾರು? ತವರಿಗೆ ಹೋಗಲು ಯಾರ ಅಪ್ಪಣೆ ಕೇಳಬೇಕಿತ್ತು? ಮೊದಲ ಹೆರಿಗೆಯಲ್ಲಿ ಪಕ್ಕದಲ್ಲಿ ಯಾರಿದ್ದರು? ಒಂದು ಪ್ರಶ್ನೆ ಬಾಗಿಲು ತೆರೆದರೆ ಸಾಕು, ಒಳಗೆ ಮನೆಯೇ ಇರುತ್ತದೆ.

ಅವರು ಆಡಿದ ಮಾತನ್ನು ಅವರ ನುಡಿಯಲ್ಲೇ ಬರೆಯಿರಿ, ತಿದ್ದಬೇಡಿ. ಪುಸ್ತಕದ ಕನ್ನಡಕ್ಕೆ ಇಳಿಸಿದರೆ ಅರ್ಧ ಮಾತು ಅಲ್ಲೇ ಸೋರಿಹೋಗುತ್ತದೆ. ಹೇಳಲು ಇಷ್ಟವಿಲ್ಲದ್ದನ್ನು ಕೆದಕಬೇಡಿ. ಹೇಳಿದ ಮೇಲೆ, ಮನೆತನದ ಮರ್ಯಾದೆಯ ಹೆಸರಿನಲ್ಲಿ ಹೊಡೆದುಹಾಕಲೂ ಬೇಡಿ. ಇಲ್ಲಿನ ಶಾಲೆಗಳ ಮೇಷ್ಟ್ರುಗಳು, ಟೀಚರಮ್ಮಂದಿರು ಮನಸ್ಸು ಮಾಡಿದರೆ ಬೇಸಿಗೆ ರಜೆಗೆ ಮಕ್ಕಳಿಗೆ ಕೊಡಬಹುದಾದ ಒಳ್ಳೆಯ ಕೆಲಸ ಇದು. ಒಂದು ಊರಿನ ಐವತ್ತು ಮನೆಗಳಲ್ಲಿ ಐವತ್ತು ನೋಟ್‌ಬುಕ್ಕುಗಳು ತುಂಬಿದರೆ, ಈ ಸೀಮೆಯ ಬೇಸಾಯ, ಬರ, ಅಡುಗೆ, ಮದ್ದು, ಹಾಡು, ನೋವು ಎಲ್ಲದರ ಚರಿತ್ರೆಯೂ ಅದರಲ್ಲಿರುತ್ತದೆ.

ಈ ಮನೆಯವರಲ್ಲಿ ನನ್ನದೊಂದು ವಿನಂತಿ. ವರ್ಷದ ಎಡೆ ಇಡುವಾಗ ಎಲ್ಲರೂ ಸೇರುತ್ತೀರಿ. ಆ ದಿನ ಒಬ್ಬೊಬ್ಬರೂ ಆ ತಾಯಿ ಮಾಡುತ್ತಿದ್ದ ಒಂದೊಂದು ಕೆಲಸವನ್ನು, ನಿಮಗೆ ನೆನಪಿರುವಷ್ಟು ವಿವರವಾಗಿ ಹೇಳಿ. ಒಬ್ಬರು ಬರೆದುಕೊಳ್ಳಿ. ಅವರ ಜೊತೆಯವರು ಈ ಊರಲ್ಲಿ ಇನ್ನೂ ಕೆಲವರಿದ್ದಾರೆ, ಈ ಸಭೆಯ ಹಿಂದಿನ ಸಾಲಿನಲ್ಲೇ ಕುಳಿತಿದ್ದಾರೆ. ಮರೆತದ್ದನ್ನು ಅವರಿಂದ ಕೇಳಿ ತುಂಬಿಕೊಳ್ಳಬಹುದು. ಸಭೆ ಮುಗಿದ ಮೇಲೆ ಅವರನ್ನು ಮನೆಗೆ ಕಳಿಸಿಕೊಡುವ ಮೊದಲು ಆ ಬೂದಿಯ ಲೆಕ್ಕವನ್ನು ಕೇಳಿಕೊಳ್ಳಿ.